ಹವಾಲ್ದಾರನ ಸೈಕಲ್ಲು, ರಾಯವ್ವನ ಕವಡಿ

೨೦೦೩ರ ಬೇಸಿಗೆ. ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ನೇಸರಗಿ ಬಸ್ಸಿಗೆ ಕಾಯುತ್ತಿದ್ದ ಅನ್ನಪೂರ್ಣಾ ಟೀಚರ ಕಣ್ಣು ಪೇಪರಿನಲ್ಲಿದ್ದರೂ ಕಿವಿ ಪಕ್ಕದ ಬೆಂಚಿನ ಕಡೆಗಿತ್ತು. ಅಲ್ಲಿ ಕವಡಿ ಹಾಕಿ ಶಕುನ ಹೇಳುವ ರಾಯವ್ವನೂ ಹವಾಲ್ದಾರ ಮಹಾಂತಪ್ಪನೂ ಟೀವಿಯ ಪತ್ತೇದಾರಿ ಧಾರಾವಾಹಿಯನ್ನು ಬೈಯುತ್ತ ಕೂತಿದ್ದರು.

“ಒಂದು ಕೂದಲಾ ಸಿಕ್ರ ಸಾಕು, ಚಾ ಆರೂದ್ರಾಗ ಲ್ಯಾಬಿನ ರಿಪೋರ್ಟ್ ಬರತೈತಿ. ನಮಗ ಆರು ತಿಂಗಳಾದ್ರೂ ಬರಂಗಿಲ್ಲ,” ಅಂದ ಹವಾಲ್ದಾರ.

“ಅದರಾಗಿನ ಶಕುನದಾಕಿ ಸತ್ತವನ ಚಪ್ಪಲಿ ಮುಟ್ಟಿ, ಕೊಂದವನ ಹೆಸರು, ಊರು ಎಲ್ಲಾ ಹೇಳಿಬಿಡತಾಳ್ರಿ. ಶುದ್ಧ ಸುಳ್ಳು,” ಅಂದಳು ರಾಯವ್ವ.

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಅದಿರಲಿ ಯವ್ವಾ. ಠಾಣೆ ಮುಂದ ನಿಲ್ಲಿಸಿದ್ದ ನನ್ನ ಸೈಕಲ್ಲ ಕಳುವಾಗೇತಿ. ಯಾರ ಮುಂದೂ ಹೇಳೂಹಂಗಿಲ್ಲ. ಒಂದೀಟು ಕವಡಿ ಹಾಕವಾ.”

“ಯಾವಾಗ ಹೋತ್ರಿ? ಕೀಲಿ ಹಾಕಿದ್ರೇನು? ಯಾರ ಮ್ಯಾಲ ಸಂಶೇ ಐತಿ?”

“ಟೀವಿಯಾಕಿ ಇಷ್ಟೆಲ್ಲಾ ಎಲ್ಲಿ ಕೇಳತಾಳವಾ?”

“ಟೀವಿ ಪೊಲೀಸರ ಸೈಕಲ್ಲ ಎಲ್ಲಿ ಕಳುವಾಗತಾವ್ರಿ, ಸಾಹೇಬ್ರ?”

ಅಷ್ಟರಲ್ಲಿ ಅವರಿಬ್ಬರೂ ಕಾಯುತ್ತಿದ್ದ ರಾಮದುರ್ಗದ ಬಸ್ಸು ಬಂತು. ಅನ್ನಪೂರ್ಣಾ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ನಗು ನುಂಗಿದಳು. ಹವಾಲ್ದಾರ ರಾಯವ್ವನ ಚೀಲ ಹೊತ್ತು ಅವಳ ಹಿಂದೆ ಬಸ್ಸು ಹತ್ತುತ್ತ, ಕಟಕಟೆಯ ಸಾಕ್ಷಿಯಂತೆ ಒಂದೊಂದಕ್ಕೇ ಉತ್ತರ ಕೊಡತೊಡಗಿದ.