ಸರಿ ಇರೋ ತಲೆ

...ಮಾತುಕತೆ ಇಲ್ಲವಂತೆ, ಮಾತುಕತೆ! ಕೇಳಿಸ್ಕೊಂಡೆಯಾ ನಿನ್ನ ಡಾಕ್ಟ್ರು ಹೇಳಿದ್ದನ್ನ? ತಲೆಯೊಳಗೆ ಸಿಟ್ಟು, ಭಯ ಭುಗಿಲೇಳೋ ಜಾಗ ಒಂದಂತೆ. ‘ಸಾಕು, ಸುಮ್ನಿರು’ ಅಂತ ಅದನ್ನ ಗದರೋ ಜಾಗ ಹಣೆಯ ಹಿಂದೆ ಇನ್ನೊಂದಂತೆ. ನಿನ್ನಲ್ಲಿ ಇದು ಹೇಳಿದ್ದು ಅದಕ್ಕೆ ಕೇಳಿಸಲ್ಲವಂತೆ. ಈ ಕಾಯಿಲೆಗೊಂದು ಹೆಸರು ಬೇರೆ... ಬಾರ್ಡರ್‌ಲೈನ್! ಯಾವ ಗಡಿನೋ, ಏನು ಕಥೆಯೋ.

ಯಾಕೆ ನಗ್ತೀಯ? ನಗೋ ವಿಷಯನಾ ಇದು? ಗಂಡನ ಮೇಲೆ ತಟ್ಟೆ ಬೀಸೋದು, ಮರುಗಳಿಗೇಲಿ ಬಿಟ್ಟು ಹೋಗ್ಬೇಡ ಅಂತ ಅವನ ಕಾಲು ಹಿಡಿಯೋದು... ಅದೆಲ್ಲ ಮಾಡಿದ್ದು ನೀನಲ್ಲ, ನಿನ್ನ ತಲೆ! ಥೂ, ಎಂಥಾ ಅನುಕೂಲ ಕಣೇ! ಒಂದೇ ಮನೇಲಿ, ಅದೇ ಅಪ್ಪನ ಕೈಕೆಳಗೆ ನಾನೂ ಬೆಳೆದೆ. ನನಗೇನಾಯ್ತು? ಏನೂ ಆಗ್ಲಿಲ್ಲ. ಗಾರ್ಮೆಂಟ್ಸ್‌ನಲ್ಲಿ ಒಂದು ಲೈನಿನ ಹೆಂಗಸರೆಲ್ಲ ನನ್ನ ಕಣ್ಸನ್ನೇಲಿ ಹೊಲೀತಾರೆ. ದನಿ ಏರಿಸಿದವಳಲ್ಲ ನಿಮ್ಮಕ್ಕ.

ಅದಕ್ಕೇ ತಾನೇ ನನ್ನ ಕರೆಸಿದ್ದು? ನಿನ್ನ ತಲೆ ಜೊತೆ ಹೋಲಿಸೋಕೆ ಸರಿ ಇರೋ ತಲೆ ಒಂದು ಬೇಕು, ಒಡಹುಟ್ಟಿದವರದ್ದಾದ್ರೆ ಒಳ್ಳೇದು ಅಂದ್ರು. ರಜಾ ಹಾಕಿ ಬಂದೆ. ಆ ಸ್ಕ್ಯಾನಿಂಗ್ ಮಷೀನಿನ ಕೊಳವೆಯೊಳಗೆ ಮಲಗಿದೆ. ಟಕಟಕ, ಘರ್ರ್... ಕಣ್ಣೆದುರು ಮುಖಗಳು. ಒಂದು ನಗುತ್ತೆ, ಒಂದು ಅಳುತ್ತೆ, ಒಂದು ಗುರಾಯಿಸುತ್ತೆ. ನೋಡ್ತಾ ನೋಡ್ತಾ ಮನಸ್ಸು ಸಮಾಧಾನ ಮಾಡ್ಕೋಬೇಕಂತೆ. ಮಕ್ಕಳಾಟ! ಚಿಟಿಕೆ ಹೊಡೆಯೋದ್ರೊಳಗೆ ಮುಗಿಸಿ ಎದ್ದುಬಂದೆ.

ಗಡಿಯಾರ ಯಾಕೆ ನೋಡ್ತೀಯ? ನಿನಗೆ ತುಂಬಾ ಹೊತ್ತು ಹಿಡಿದಿದ್ರೆ ನಾನೇನು ಮಾಡ್ಲಿ? ಸರಿ ಇರೋ ತಲೆ, ಬೇಗ ಮುಗೀತು.

ಈಗೇನು, ಬಾಗಿಲ ಕಡೆ? ಹೂಂ, ಅಳ್ತಿದಾಳೆ ಆ ಮಷೀನ್ ನಡೆಸೋ ಹುಡುಗಿ. ನನ್ನಿಂದನಾ? ಒಂದು ಮಾತು ಅಂದೆ ಅಷ್ಟೆ. ಸರಿ, ನಾಲ್ಕು ಮಾತು! ಕೈ ತಾಗಿ ಅವಳ ಕನ್ನಡಕ ಕೆಳಗೆ ಬಿತ್ತು... ತಾಗಿ ಅಂದೆನಲ್ಲ! ಹೊಡೆದೆ ಅಂದೆನಾ?

ಬಾಯಿ ಬಿಡೇ. ಬೈಯಿ ಬೇಕಾದ್ರೆ. ಮನೇಲಿ ಚಿನಕುರಳಿ ಥರ ಸಿಡಿಯೋಳು, ಇಲ್ಲಿ ಕಲ್ಲಾಗಿ ಕೂತಿದೀಯಲ್ಲ! ಹಾಗೆ ನೋಡ್ಬೇಡ ನನ್ನ... ನೋಡ್ಬೇಡ ಅಂದೆ!

...ಭಯ ಆದ್ರೆ ಒತ್ತಿ ಅಂತ ಕೈಗೆ ಕೊಟ್ಟಿದ್ದ ಗುಂಡಿ ಒತ್ತಿದೆ ಕಣೇ. ಹೊರಗೆ ತೆಗೀರಿ ಅಂತ ಕಿರುಚಿದೆ. ಅವಳು ಓಡಿಬಂದು ಹೆಗಲು ಮುಟ್ಟಿದ್ಲು, ಪಾಪ... ಕೈ ಬೀಸಿಬಿಟ್ಟೆ. ಆ ಗುರಾಯಿಸೋ ಮುಖ ಇದೆಯಲ್ಲ... ಯಾರದೋ ಏನೋ. ಹುಬ್ಬು ಗಂಟಿಕ್ಕಿದ್ದು ಮಾತ್ರ ಥೇಟ್ ಅಪ್ಪ. ಬೆಲ್ಟಿಗೆ ಕೈ ಹಾಕೋಕೆ ಮುಂಚಿನ ಅಪ್ಪ. ನಿನಗೂ ತೋರಿಸಿದ್ರಾ ಅದನ್ನ? ಕೊನೇವರೆಗೂ ನೋಡಿದೆಯಾ? ನೀನು? ಕಣ್ಣು ಮುಚ್ಚದೆ?

ಅಯ್ಯೋ, ಏನೇ ಇದು... ಮಂಜಿನ ಹಾಗಿದೆಯಲ್ಲೇ ಈ ನೀರಿನ ಬಾಟ್ಲಿ! ಇದೇನಾ ಇವರು ನಿನಗೆ ಕಲಿಸಿರೋದು? ತಲೆ ಭುಗಿಲೆದ್ದಾಗ ಹೀಗೆ ಮಣಿಕಟ್ಟಿಗೆ ತಣ್ಣನೆ ಬಾಟ್ಲಿ ಒತ್ತೋದಾ? ಬಿಡೇ, ಜನ ನೋಡ್ತಾರೆ...

ಬಿಡ್ಬೇಡ. ಆ ಕೈಗೂ ಒತ್ತು.