ಹೆರಿಗೆ ಕೋಣೆಯ ಥಂಡಿ

ಮಧ್ಯಾಹ್ನವೇ ಕೂಡ್ಲಿಗಿ ಕಡೆಯಿಂದ ಕವಿದುಕೊಂಡು ಬಂದ ಮೋಡ ಹಗರಿಬೊಮ್ಮನಹಳ್ಳಿಯ ನೆತ್ತಿಯ ಮೇಲೆ ನಿಂತುಬಿಟ್ಟಿತ್ತು. ದೀಪ ಹಚ್ಚುವ ಹೊತ್ತಿಗೆ ಮಳೆ ಹಿಡಿಯಿತು. ಈ ಸೀಮೆಯ ಮಳೆ ಅವಸರದ ನೆಂಟನ ಹಾಗೆ ಒಂದು ಗಳಿಗೆ ಕೂತು ಎದ್ದುಹೋಗುವಂಥದ್ದು. ಅವತ್ತಿನದು ಹಾಸಿಗೆ ಬಿಚ್ಚಿಕೊಂಡು ಉಳಿಯುವ ಲೆಕ್ಕದಲ್ಲಿ ಬಂದಿತ್ತು.

ಸಂತೆಬಯಲಿನ ಹಿಂದಿನ ಹೆರಿಗೆ ಆಸ್ಪತ್ರೆಯ ಪಡಸಾಲೆಯಲ್ಲಿ, ಆಪರೇಷನ್ ಕೋಣೆಯ ಬಾಗಿಲ ಪಕ್ಕದ ಉದ್ದನೆಯ ಬೆಂಚಿನ ತುದಿಯಲ್ಲಿ ಅಮರೇಶ ಕೂತಿದ್ದ. ಕೋಗಳಿಯಲ್ಲಿ ಅವನದು ಹಿಟ್ಟಿನ ಗಿರಣಿ. ಜೋಳದ ಹಿಟ್ಟು ಅವನ ಹುಬ್ಬಿಗೆ ಹತ್ತಿಕೊಂಡೇ ಇರುತ್ತಿತ್ತು. ಒಣಮೆಣಸಿನಕಾಯಿ ಬೀಸುವ ದಿನ ಗಿರಾಕಿಗಳೆಲ್ಲ ಸೀನುತ್ತ ಬೀದಿಗೆ ಓಡಿದರೂ ಅವನ ಮೂಗು ಮಿಸುಕುತ್ತಿರಲಿಲ್ಲ. ಈಗ ಒಳಗೆ ಅವನ ಹೆಂಡತಿ ಅರ್ಚನಾ. ಕೂಸು ಅಡ್ಡ ತಿರುಗಿದೆ, ಕೊಯ್ದೇ ತೆಗೆಯಬೇಕು ಎಂದು ಹೇಳಿ ಡಾಕ್ಟರಮ್ಮ ಬಾಗಿಲು ಹಾಕಿಕೊಂಡಿದ್ದರು. ಗಂಡ ಹೆಂಡತಿಯ ಮೊದಲ ಕೂಸು ಹುಟ್ಟಿದಾಗ ಅಳಲಿಲ್ಲ. ಅಳದೆಯೇ ಹೋಯಿತು. ಆ ಮೌನ ಅಮರೇಶನ ಕಿವಿಯಲ್ಲಿ ಇನ್ನೂ ಕೂತಿತ್ತು.

ಗೋಡೆಯ ಆಚೆ, ಕಬ್ಬಿಣದ ಪಟ್ಟಿಗಳ ಮೇಲೆ ಕೂಡಿಸಿದ ಏಸಿಯ ಹೊರ ಯಂತ್ರ ಗುಂಯ್ ಎನ್ನುತ್ತಿತ್ತು. ಮೋಟಾರಿನ ಸದ್ದಿನ ಮೇಲೇ ಗಿರಣಿ ನಡೆಸುವವನಿಗೆ ಆ ಸದ್ದು ಬಿಟ್ಟು ಬೇರೆ ಏನೂ ಕೇಳಿಸುತ್ತಿರಲಿಲ್ಲ. ಯಾಕೆಂದರೆ ಮಧ್ಯಾಹ್ನ ಚಹಾದಂಗಡಿಯಲ್ಲಿ ಯಾರೋ ಅಂದಿದ್ದರು: ಆ ಕೋಣೆಯ ಏಸಿಯಲ್ಲಿ ದೆವ್ವ ಇದೆ, ಕೂಸು ಹುಟ್ಟುವ ಹೊತ್ತಿಗೇ ಅದು ಬರುತ್ತದೆ ಅಂತ. ಹೆಂಡತಿಯನ್ನು ಹೊಸಪೇಟೆಗೆ ಒಯ್ಯೋಣವೆಂದರೆ ಕೂಡ್ಲಿಗಿ ಕಡೆ ಆಗಲೇ ಸುರಿದ ಮಳೆಗೆ ಹಳ್ಳ ತುಂಬಿ ದಾರಿ ಕಟ್ಟಿತ್ತು.

ಅಷ್ಟರಲ್ಲಿ ಮುದುಕನೊಬ್ಬ ಹಿತ್ತಲ ಕಡೆಯಿಂದ ರಟ್ಟಿನ ತುಂಡು ತಲೆಗೆ ಹಿಡಿದು ಬಂದು, ಪಾನಾ, ಇಕ್ಕಳ ತುಂಬಿದ ಚೀಲವನ್ನು ಕೆಳಗಿಟ್ಟು ಗಡ್ಡದ ನೀರು ಹಿಂಡಿಕೊಂಡ. ಅವನು ಮಾಬುಸಾಬ್. ಊರಿನ ಫ್ರಿಜ್ಜು, ಪಂಪು, ಏಸಿಗಳೆಲ್ಲ ಅವನ ಕೈ ಕಂಡಂಥವೇ. ಈಗ ಅಂಗಡಿ ನೋಡಿಕೊಳ್ಳುವವನು ಮಗ ನಯೀಮ. ಈ ಆಸ್ಪತ್ರೆಯ ಏಸಿಯನ್ನು ಮಾತ್ರ ಮುದುಕ ಇನ್ನೂ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ನೀರು ಹೋಗುವ ಪೈಪು ಕಟ್ಟಿದೆ ಎಂದು ಕರೆಸಿದ್ದರು. ಊದಿ ಬಿಡಿಸಿ, ಮಳೆ ನಿಲ್ಲಲೆಂದು ಬೆಂಚಿಗೆ ಬಂದು ಕೂತ.

ಅಮರೇಶನಿಗೆ ತಡೆಯಲಾಗಲಿಲ್ಲ. "ಅಜ್ಜಾ, ಇದನ್ನ ರಿಪೇರಿ ಮಾಡೋರು ನೀವ ಅಲ್ಲೇನ್ರಿ? ಖರೇ ಹೇಳ್ರಿ. ಇದರಾಗ ಏನಾರ ಐತಾ?"

"ಅಳಿಯಂದ್ರ, ದೀಪ ಹಚ್ಚೋ ಹೊತ್ತಿನ್ಯಾಗ ಅದನ್ಯಾಕ ಕೇಳ್ತೀರಿ?" ಎಂದಳು ಅತ್ತೆ ನಾಗಲಿಂಗಮ್ಮ. ಕೂಸಿಗೆಂದು ತಂದ ಹಳೆ ಸೀರೆಯ ಮೆತ್ತನೆ ಬಟ್ಟೆ ಅವಳ ಮಡಿಲಲ್ಲಿತ್ತು.

"ಐತಿ," ಎಂದ ಮಾಬುಸಾಬ್.

ಅಮರೇಶನ ಮನೆಯವರನ್ನು ಕರೆತಂದ ಆಟೋದ ಗಾಳೆಪ್ಪ ಕಂಬಕ್ಕೆ ಒರಗಿದ್ದವನು ನಕ್ಕ. "ದೆವ್ವಕ್ಕೂ ಏಸಿ ಬೇಕಾತೇನಜ್ಜಾ? ನಮ್ಮ ಮನ್ಯಾಗ ಫ್ಯಾನೂ ಇಲ್ಲ."

"ಆಕಿಗೂ ಬ್ಯಾಡಾಗಿತ್ತೋ ಮಾರಾಯ. ಅದ ಅಲ್ಲೇನು ಕತಿ?" ಮುದುಕ ಕಾಲು ಮೇಲೆ ಎತ್ತಿ ಕೂತ. "ಇಲ್ಲಿ ಬರ್ರಿ, ಹತ್ರ ಕೂಡ್ರಿ. ಪೂರಾ ಕೇಳ್ರಿ. ಅರ್ಧ ಕೇಳಿದೋರೇ ಹೆದರೋದು…

"ಈ ಏಸಿ ಬಂದಾಗ ಊರಾಗ ಇನ್ನೊಂದು ಏಸಿ ಇರಲಿಲ್ರಿ. ಗೋಡಿಗೆ ಬಡದ ಬಿಳೇ ಪೆಟಗಿ, ಬಾಯಿ ತೆಗದು ಥಣ್ಣನ ಉಸಿರು ಬಿಡತೈತಿ ಅಂತ ಮಂದಿ ಹೊಟ್ಟಿನೋವು ಅಂತ ಸುಳ್ಳ ಹೇಳಿ ನೋಡಾಕ ಬರತಿದ್ರು. ಆಗ ಇಲ್ಲಿ ಕನಕಮ್ಮ ಅಂತ ಆಯಾ ಇದ್ಲು. ನಿಮಗ್ಯಾರಿಗೂ ಗೊತ್ತಿರಲಿಕ್ಕಿಲ್ಲ. ಚಿಗಟೇರಿ ಕಡಿಯಾಕಿ. ಈ ಆಸ್ಪತ್ರಿ ಆಗೋಕಿಂತ ಮೊದಲ ಮನಿಮನಿಗೆ ಹೋಗಿ ಹೆರಿಗಿ ಮಾಡಿಸಿದಾಕಿ. ನಡಾ ಬಾಗಿತ್ತು, ಬಾಯಿ ಮಾತ್ರ ಬಾಗಿರಲಿಲ್ಲ. ಸೊಂಟದಾಗ ನಶ್ಯದ ಡಬ್ಬಿ. ಅದೂ ಎಂಥಾ ನಶ್ಯ ಅಂತೀರಿ? ಕೊಟ್ಟೂರಾಗ ಒಬ್ಬ ಮುದುಕ ಕೈಯಾರೆ ಅರದು ಮಾರತಿದ್ದ. ಅದು ಬಿಟ್ಟು ಬ್ಯಾರೆ ಮುಟ್ಟತಿರಲಿಲ್ಲ. ಆಕಿ ಡಬ್ಬಿ ತೆಗದ್ರ ಆ ಕಡೆ ವಾರ್ಡಿನೋರು ಸೀನೋರು.

"ಆಕಿಗೆ ಈ ಏಸಿ ಕಂಡ್ರ ಆಗತಿರಲಿಲ್ಲ. ಕೂಸಿನ ತಲಿ ಕಂಡ ಕೂಡ್ಲೇ ಹೊರಗ ಬರೋದು, ಇಗಾ, ನಿಮ್ಮ ತಲಿ ಮ್ಯಾಲೆ ಐತಲ್ರಿ ಸ್ವಿಚ್ಚು, ಅದರ ಹಿಡಿಕಿ ಖಟ್ ಅಂತ ಕೆಳಗ ಎಳಿಯೋದು, ಒಳಗ ಹೋಗಿ ಕೂಸಿಗೆ ಕೈ ಒಡ್ಡೋದು. ಡಾಕ್ಟರಮ್ಮ ಬೈಯೋರು. 'ಕನಕಮ್ಮಾ, ಬೆವರು ಕಣ್ಣಿಗೆ ಇಳಿದ್ರೆ ನಾನು ಹೊಲಿಗೆ ಹೆಂಗೆ ಹಾಕ್ಲಿ?' ಈಕಿ ಏನನ್ನೋಳು ಗೊತ್ತೇನು? 'ನಿಮ್ಮ ಬೆವರು ನಾ ಒರಸ್ತೀನಿ ನನ್ನವ್ವಾ. ಹೊಟ್ಯಾಗ ಬೆಚ್ಚಗ ಇದ್ದ ಜೀವ ಅದು. ಹಸೀ ಮೈಮ್ಯಾಲೆ ಈ ಗಾಳಿ ಬಿಟ್ರ ಹೆದರಿ ಉಸರ ತಗೊಳ್ಳಂಗಿಲ್ಲ.' ದಿನಾ ಇದ ಜಗಳ. ಆ ಮ್ಯಾಲೆ ಒಂದು ಚಳಿಗಾಲ… ಜ್ವರ ಬಂದು ಹೋಗಿಬಿಟ್ಲು.

"ಡಾಕ್ಟರಮ್ಮ ಅತ್ರು. ಖರೇನ ಅತ್ರು. ಆದ್ರ ಇನ್ಮ್ಯಾಲೆ ಏಸಿ ಸುಮ್ನ ನಡೀತೈತಿ ಅಂತ ಮನಸಿನ್ಯಾಗ ಅಂದ್ಕೊಂಡಿದ್ರೋ ಏನೋ… ನಡೀತಾ? ಎಲ್ಲಿ ನಡೀತು! ಆಕಿ ಹೋದ ಮ್ಯಾಲೆ ಮೊದಲನೇ ಹೆರಿಗಿ, ಏಸಿ ಬಂದ್. ನನ್ನ ಕರಸಿದ್ರು. ನೋಡ್ತೀನಿ, ಸ್ವಿಚ್ಚು ಮ್ಯಾಲೇ ಐತಿ. ನಾ ಹತ್ತಿ ಮುಚ್ಚಳ ತೆಗಿಯೋದ್ರೊಳಗ ತಾನ ಸುರು ಆತು. ವೋಲ್ಟೇಜ್ ಇರಬೇಕು, ಪಂಪ್‌ಸೆಟ್ಟಿಗೆ ಕರೆಂಟ್ ಬಿಟ್ಟಾರ ಅಂತ ಸ್ಟೆಬಿಲೈಜರ್ ಬದಲಿ ಮಾಡಿಸಿದೆ. ಮತ್ತ ಹೆರಿಗಿ, ಮತ್ತ ಬಂದ್. ಈ ಸಲ ಬೋರ್ಡ್ ಬಿಚ್ಚಿದೆ, ಅದರ ಮ್ಯಾಲೆ ಒಂದು ಹಲ್ಲಿ ಸತ್ತು ಒಣಗಿತ್ತು. ಸಿಕ್ತಲಾ ದೆವ್ವ ಅಂತ ನಕ್ಕು, ಬಾಲ ಹಿಡದು ಎಲ್ಲರಿಗೂ ತೋರಿಸಿದೆ. ಮತ್ತ ಬಂದ್! ಗ್ಯಾಸ್ ನೋಡಿದೆ, ಕೆಪಾಸಿಟರ್ ಹಾಕಿದೆ, ಥಂಡಿ ಅಳಿಯೋ ಸೆನ್ಸರ್ ಹೊಸಾದು ತಂದೆ. ಕಡೀಕ ಧೂಳು ಹಿಡಿಯೋ ಜಾಳಗಿ ತೊಳಿಯೋಣ ಅಂತ ಎಳದ್ರ… ಅದ ಆಗಲೇ ತೊಳದಂಗ ಸ್ವಚ್ಛ ಐತಿ, ಆದ್ರ ನನಗ ಸೀನು ಅಂದ್ರ ಸೀನು. ಏಣಿ ಮ್ಯಾಲಿಂದ ಬೀಳೋದೊಂದು ಬಾಕಿ. ಕೆಳಗ ನರ್ಸ್ ಭರಮಮ್ಮ ನಿಂತಿದ್ಲು. ಆಕಿ ಮಾರಿ ಬೆಳ್ಳಗಾತು. 'ಮಾಬಣ್ಣಾ,' ಅಂದ್ಲು, 'ಗರ್ಭಚೀಲ ತೆಗಿಯೋ ಆಪರೇಷನ್‌ಗೆ ಇದು ಯಾವತ್ತರ ನಿಂತೈತೇನು? ಮೊನ್ನಿ ಕ್ಯಾಂಪಿನ್ಯಾಗ ಮುಂಜಾನಿಂದ ಸಂಜಿತನ ಹೆಣ್ಮಕ್ಕಳ ಆಪರೇಷನ್ ಆದವಲಾ, ಆವಾಗ ನಿಂತಿತ್ತೇನು?' ಇಲ್ಲ. 'ಬರೇ ಕೂಸು ಹುಟ್ಟೋ ಹೊತ್ತಿಗೆ ಯಾಕ ನಿಂದರತೈತಿ ಹೇಳು ಮತ್ತ?' ಏನ್ ಹೇಳಲಿ ನಾನು? ಯಾವ ಮಷಿನಿಗೆ ಕೂಸು ಹುಟ್ಟೋದು ತಿಳೀತೈತಿ?"

ಗಾಳೆಪ್ಪ ಕಂಬ ಬಿಟ್ಟು ಬಂದು ನಾಗಲಿಂಗಮ್ಮನ ಪಕ್ಕ ಕೂತ. ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಅಮರೇಶ ತಲೆಯೆತ್ತಿ ಸ್ವಿಚ್ಚು ನೋಡಿದ. ಹಿಡಿಕೆ ಮೇಲಿತ್ತು. ಗೋಡೆಯ ಆಚೆ ಗುಂಯ್ ಸದ್ದು ಸಾಗಿತ್ತು.

"ಡಾಕ್ಟರಮ್ಮ ಓದಿದೋರು. ಇದನ್ನೆಲ್ಲ ಅವರ ಮುಂದ ಹೆಂಗ ಹೇಳೋದು? 'ಸಾಬ್ರೆ, ನಿಲ್ಲಬಾರದು, ಏನಾದ್ರೂ ಮಾಡಿ' ಅಂದ್ರು. ಹಂಗಂದ್ರ ಒಂದ ದಾರಿ. ಡೈರೆಕ್ಟ್ ಮಾಡೋದು. ರಿಮೋಟು ಬ್ಯಾಡ, ಬೋರ್ಡು ಬ್ಯಾಡ, ವೈರು ಸೀದಾ ಸ್ವಿಚ್ಚಿಗೆ. ಸ್ವಿಚ್ಚು ಕೆಳಗ ಎಳಿಯೋತನ ಅದು ಯಾರಪ್ಪ ಬಂದ್ರೂ ನಿಂದರಂಗಿಲ್ಲ. ಮಾಡಿಕೊಟ್ಟೆ. ಮರುದಿನ ಯಾರು ಹೆರಿಗಿಗೆ ಬಂದ್ರು ಹೇಳ್ರಿ ನೋಡೋಣ? ನನ್ನ ಮಗಳು ಸಿಮ್ರಾನ! ಹದಿನೈದು ದಿನ ಮೊದಲ ನೋವು. ನನ್ನಾಕಿ ರಹಿಮತ್ ಬೀ ಆ ಮೂಲ್ಯಾಗ ತಸಬಿ ಮಣಿ ಎಣಿಸಿಕೋತ ಕುಂತಾಳ. ನಾನು, ಈಗ ನೀವು ಕುಂತೀರಲಾ ತಮ್ಮಾ, ಅದ ಜಾಗದಾಗ.

"ಮಟಮಟ ಮಧ್ಯಾಹ್ನ. ಒಳಗ ನನ್ನ ಮಗಳು ಒಮ್ಮಿ ಚೀರಿದ್ಲು. ಆಮ್ಯಾಲೆ ಡಾಕ್ಟರಮ್ಮ 'ಹೆಣ್ಣು' ಅಂದದ್ದು ಕೇಳಿಸ್ತು. ಆದ್ರ… ಅಳು ಇಲ್ಲ. ಅಂಗಾಲಿಗೆ ಬಡಿಯೋ ಸಪ್ಪಳ ಕೇಳತೈತಿ. ಅಳು ಇಲ್ಲ. ಎಲ್ಲಾ ಸದ್ದಿನ ಮ್ಯಾಲೆ ಈ ಏಸಿ ಒಂದ ಗುಂಯ್ ಅಂತೈತಿ, ನಾನ ಸ್ವಂತ ಕೈಲೆ ನಿಂದರಬ್ಯಾಡ ಅಂತ ಕಟ್ಟಿ ಹಾಕಿದ ಏಸಿ. ಹಸೀ ಮೈಮ್ಯಾಲೆ ಈ ಗಾಳಿ ಬಿಟ್ರ… ಅನ್ನೋ ಆ ಮಾತು ಕಿವ್ಯಾಗ ಬಂತು. ಎದ್ದೆ. ಸ್ವಿಚ್ಚಿಗೆ ಕೈ ಚಾಚಿದೆ. ಅಲ್ಲಾನ ಆಣಿ ಮಾಡಿ ಹೇಳತೀನಿ, ನನ್ನ ಕೈ ಇನ್ನಾ ಇಷ್ಟು ದೂರ ಇತ್ತು… ಖಟ್!

"ಹಿಡಿಕಿ ತಾನ ಕೆಳಗ ಬಂತು. ನನ್ನ ಭುಜಕ್ಕ ಯಾರೋ ಮುದುಕಿ ತಾಗಿಕೊಂಡು ಹೋದಂಗಾತು, ಮೂಗಿಗೆ ನಶ್ಯದ ಘಾಟು. ಮಷಿನಿನ ಒಳಗಿನ ದಾರಿ ಎಲ್ಲಾ ನಾ ಮುಚ್ಚಿದ್ದೆನಲಾ, ಮತ್ತ ಕನಕಮ್ಮ ತನ್ನ ಹಳೇ ದಾರಿ, ಈ ಸ್ವಿಚ್ಚಿನ ದಾರೀಲೆ ಬಂದಿದ್ಲು. ಏಸಿ ನಿಂತು ಒಳಗ ಹೊರಗ ಎಲ್ಲಾ ಗಪ್ ಆತು. ಆ ಗಪ್‌ನ್ಯಾಗ… ನನ್ನ ಮೊಮ್ಮಗಳು ಅತ್ಲು. ಏನ್ ಅಳುವು ಅಂತೀರಿ! ಆಕೀನ ಕಹಕಶಾ. ಈಗ ಸಾಲಿಗೆ ಹೊಕ್ಕಾಳ, ಮನ್ಯಾಗ ಯಾರಿಗೂ ಮಾತಾಡಾಕ ಬಿಡಂಗಿಲ್ಲ."

ನಾಗಲಿಂಗಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡು ನಕ್ಕಳು. ಅಮರೇಶನೂ ಅವತ್ತಿನ ಮಟ್ಟಿಗೆ ಮೊದಲ ಬಾರಿ ಪೂರ್ತಿ ಉಸಿರು ಬಿಟ್ಟ. ಹೆದರಿಕೆ ಹೋಗಿರಲಿಲ್ಲ; ಆದರೆ ಒಳಗೆ ಇರುವುದೇನಾದರೂ ಇದ್ದರೆ ಅದು ತನ್ನ ಕಡೆಯದು ಎಂದು ಅನಿಸಿತು.

"ಮರುದಿನ ಡಾಕ್ಟರಮ್ಮ ತಾವಾಗಿ ಕರದು, 'ಆ ಡೈರೆಕ್ಟ್ ತೆಗೆದುಬಿಡಿ ಸಾಬ್ರೆ' ಅಂದ್ರು. ಯಾಕ ಅಂತ ನಾ ಕೇಳಲಿಲ್ಲ. ಆವತ್ತಿಂದ ಇಲ್ಲಿ ಒಂದು ಪದ್ಧತಿ. ಕೂಸಿನ ತಲಿ ಕಂಡ ಕೂಡ್ಲೇ ಭರಮಮ್ಮ ಹೊರಗ ಬಂದು ಹಿಡಿಕಿ ಇಳಸ್ತಾಳ. ಈಗೂ ಬರತಾಳ ನೋಡ್ರಿ. ಆಕಿ ಬಂದು ಸ್ವಿಚ್ ಇಳಿಸಿದ್ಲಂದ್ರ ನಿಮ್ಮ ಕೂಸು ಬಂತಂತ ತಿಳಕೊಳ್ರಿ."

"ಭರಮಮ್ಮ ಮರೆತ್ರ?" ಎಂದ ಗಾಳೆಪ್ಪ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಮಾಬುಸಾಬ್ ಚೀಲ ಬಿಚ್ಚಿ ಪಾನಾಗಳ ನೀರನ್ನು ಒಂದೊಂದಾಗಿ ಒರೆಸತೊಡಗಿದ.

ಎಲ್ಲರ ಕಣ್ಣು ಬಾಗಿಲ ಮೇಲೆ ನೆಟ್ಟಿತು. ಬಾಗಿಲು ತೆರೆಯಲಿಲ್ಲ. ಒಳಗೆ ಡಾಕ್ಟರಮ್ಮ ಏನೋ ಗಟ್ಟಿಯಾಗಿ ಹೇಳಿದರು. ಪಾತ್ರೆಯೊಂದು ಬಿದ್ದ ಸದ್ದು, ಓಡಾಟ. ಆಮೇಲೆ ಅಂಗಾಲಿಗೆ ಬಡಿಯುವ ಸದ್ದು. ಅಮರೇಶನಿಗೆ ಆ ಸದ್ದು ಗೊತ್ತಿತ್ತು. ಅದರ ಹಿಂದೆ ಬರುವ ಮೌನವೂ ಗೊತ್ತಿತ್ತು. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದ.

ಖಟ್ ಎಂದಿತು.

ಗೋಡೆಯ ಆಚೆಯ ಗುಂಯ್ ಸದ್ದು ತುಂಡಾಯಿತು. ಒಂದೆರಡು ಸುತ್ತು ಫ್ಯಾನಿನ ರೆಕ್ಕೆ ಸುಮ್ಮನೆ ತಿರುಗಿ ನಿಂತದ್ದನ್ನೂ ಅವನ ಕಿವಿ ಗುರುತಿಸಿತು. ಕರೆಂಟು ಹೋಗಿರಲಿಲ್ಲ, ಮುಚ್ಚಿದ ರೆಪ್ಪೆಯ ಮೇಲೆ ಟ್ಯೂಬ್‌ಲೈಟಿನ ಬೆಳಕು ಹಾಗೆಯೇ ಇತ್ತು.

ಮತ್ತು ಒಳಗಿಂದ, ಮಳೆಯನ್ನೇ ಗದರಿಸುವಂತೆ, ಕೂಸು ಅತ್ತಿತು.

ಅಮರೇಶ ಕಣ್ಣು ತೆರೆದಾಗ ನಾಗಲಿಂಗಮ್ಮ ಅವನ ಭುಜ ಹಿಡಿದು ಅಲುಗಿಸುತ್ತಿದ್ದಳು. "ಅತ್ತತ್ರೀ ಅಳಿಯಂದ್ರ! ಕೇಳಿಸ್ತೇನ್ರಿ? ಅತ್ತತು!" ಅವನು ಬೆಂಚಿನ ಅಂಚು ಬಿಟ್ಟ. ಮತ್ತೆ ಮತ್ತೆ ಅಳುವ ಆ ಸಣ್ಣ ಗಂಟಲಿನ ಸದ್ದನ್ನು, ಗಿರಣಿಯ ಪಟ್ಟಿ ಸರಿಯಾಗಿ ಕೂತು ಓಡುವ ಸದ್ದನ್ನು ಕೇಳುವ ಹಾಗೆ, ತಲೆ ವಾಲಿಸಿ ಕೇಳುತ್ತ ಕೂತ.

ಸ್ವಲ್ಪ ಹೊತ್ತಿಗೆ ಭರಮಮ್ಮ ಬಾಗಿಲು ತೆರೆದಳು. ಅವಳ ಹಣೆಯೆಲ್ಲ ಬೆವರು. "ಗಂಡು. ತಾಯಿ ಆರಾಮ ಅದಾಳ. ಬಟ್ಟಿ ಕೊಡ್ರಿ ಇಲ್ಲಿ," ಎಂದು ನಾಗಲಿಂಗಮ್ಮನ ಮಡಿಲಿನ ಬಟ್ಟೆ ಇಸಿದುಕೊಂಡವಳು ನಿಂತಳು. "ಕೂಸಿನ ಕುತ್ತಿಗಿಗೆ ಹೊಕ್ಕುಳ ಹುರಿ ಸುತ್ತಿತ್ತು, ಕೈ ಬಿಡಂಗ ಇರಲಿಲ್ಲ ನನಗ. ಸ್ವಿಚ್ಚು ಇಳಿಸಿದೋರು ಯಾರ್ರಿ? ಪುಣ್ಯಾ ಬರಲಿ ನಿಮಗ." ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಬೆಂಚಿನ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಎದ್ದಿರಲಿಲ್ಲ. ಅಮರೇಶ ನಿಧಾನವಾಗಿ ತಲೆಯೆತ್ತಿದ. ಹಿಡಿಕೆ ಕೆಳಗಿತ್ತು. ನೋಡುತ್ತಿರುವಾಗಲೇ ಮೂಗಿನೊಳಗೆ ಏನೋ ಚುಚ್ಚಿದಂತಾಗಿ, ಮೆಣಸಿನಕಾಯಿಗೆ ಮಿಸುಕದ ಆ ಮೂಗು ಪಡಸಾಲೆಯೆಲ್ಲ ಅದುರುವ ಹಾಗೆ ಸೀನಿತು.

ಮಾಬುಸಾಬ್ ಚೀಲ ಹೆಗಲಿಗೇರಿಸಿಕೊಂಡು ಎದ್ದ. ಮಳೆ ತೆಳ್ಳಗಾಗಿತ್ತು. ಮೆಟ್ಟಿಲ ಬಳಿ ನಿಂತು, ಸ್ವಿಚ್ಚಿನ ಕಡೆ ನೋಡಿ ಹಣೆಗೆ ಕೈ ಮುಟ್ಟಿಸಿಕೊಂಡು, ತನ್ನಷ್ಟಕ್ಕೆ ಅಂದ:

"ಕೊಟ್ಟೂರಿನ ಆ ನಶ್ಯದ ಅಂಗಡಿ ಮುಚ್ಚಿ ಎಷ್ಟೋ ವರ್ಷಾತು… ಎಲ್ಲಿಂದ ತರಸ್ತಾಳೋ ಏನೋ."