ಅನುಮೋದಕರು ಬೇಕಾಗಿದ್ದಾರೆ

ಮಾನ್ಯ ನಾಯಕರಾದ ಹೆರ್ ರಾಬೆ ಅವರೇ, ವೇದಿಕೆಯ ಮೇಲಿನ ಗಣ್ಯರೇ, ಅವರ ಬೆನ್ನಿಗಿರುವ ಹೊಸ ಸ್ವಸ್ತಿಕದ ಬಾವುಟವೇ, ಲೈಪ್‌ಜಿಗ್‌ನ ‘ಅರುಣೋದಯ’ ಕೈತೋಟಗಾರರ ಸಂಘದ ಸದಸ್ಯರೇ, ಬಿಯರ್ ಬರುವವರೆಗೆ ಮಾತ್ರ ಸಭಿಕರಾಗಿರುವ ಮಹನೀಯರೇ,

ನನ್ನನ್ನು ಗೌರವಾಧ್ಯಕ್ಷನನ್ನಾಗಿ ಮಾಡಿದ್ದೀರಿ. ಗೌರವ ನನಗೆ, ಅಧ್ಯಕ್ಷತೆ ಹೆರ್ ರಾಬೆಯವರಿಗೆ, ಪಾಲು ಚೊಕ್ಕವಾಗಿದೆ. ಚುನಾಯಿತನಾದ ಕೊನೆಯ ಅಧ್ಯಕ್ಷ ನಾನು. ಪ್ರಜಾಸತ್ತೆಯ ಹೆಸರಿನಲ್ಲೇ ‘ಸತ್ತೆ’ ಎಂಬ ಮಾತಿತ್ತು. ನಾವು ಗಮನಿಸಿದೆವೇ?

ಯುದ್ಧ ಮುಗಿದು ಹಸಿವು ಮುಗಿಯದ ಸಾವಿರದ ಒಂಬೈನೂರ ಹತ್ತೊಂಬತ್ತನೆಯ ಇಸವಿಯಲ್ಲಿ ಈ ಪಾಳು ನೆಲವನ್ನು ಹಂಚಿಕೊಂಡೆವು. ದೇಶಕ್ಕೊಂದು ಗಣರಾಜ್ಯ, ನಮಗೊಂದು ಸಂಘ. ಮೊಲ ಸಾಕಬಹುದೇ? ಮತದಾನ. ಬೇಲಿ ಎಷ್ಟೆತ್ತರ? ಮತದಾನ. ಬೇಲಿಯ ಜಗಳದಲ್ಲಿ ಅಧ್ಯಕ್ಷರು ಒಬ್ಬೊಬ್ಬರಾಗಿ ಬಿದ್ದರು. ಬೇಲಿ ಮಾತ್ರ ಬೆಳೆಯುತ್ತಲೇ ಹೋಯಿತು. ಫ್ರೌ ಹೆಂಪೆಲ್, ತಾವು ಎದ್ದು ಕೂಗಿದ್ದು ನೆನಪಿದೆಯೇ? “ಸಾಕಪ್ಪಾ ನಿಮ್ಮ ವಟವಟ! ಮೇಜು ಗುದ್ದೋನು ಒಬ್ಬ ಬರ್ಲಿ, ಬೇಲಿ ಅವನೇ ಕತ್ತರಿಸ್ಲಿ!” ಎಲ್ಲರೂ ನಕ್ಕೆವು. ನಕ್ಕವರೇ ಈ ಮಾರ್ಚಿಯಲ್ಲಿ ಕೈಯೆತ್ತಿ, ಇನ್ನು ಸಭೆಯೇ ಬೇಡ, ಎಲ್ಲವನ್ನೂ ಹೆರ್ ರಾಬೆ ತೀರ್ಮಾನಿಸಲಿ ಎಂದು ನಿರ್ಣಯಿಸಿದೆವು. ಎಷ್ಟು ಶಿಸ್ತಾಗಿ! ಎಷ್ಟು ನಿಯಮಬದ್ಧವಾಗಿ!

ಒಬ್ಬನೇ ವಿರೋಧಿಸಿದ: ನಮ್ಮ ಉಪಾಧ್ಯಕ್ಷ ಯೂಲಿಯುಸ್ ಲೆವಿನ್. ಯುದ್ಧದ ಕಂದಕದಲ್ಲಿ ನನ್ನ ಪಕ್ಕದವನು, ತೋಟದಲ್ಲೂ ನನ್ನ ಪಕ್ಕದವನು. “ಲೋ ಟೀಲೆ, ಜಗಳ ಆಡೋಕಾದ್ರೂ ಒಂದು ಸಭೆ ಬೇಕಲ್ಲೋ! ಅದನ್ನೂ ಮುಚ್ಚಿದ್ರೆ ಎಲ್ಲಿ ಹೋಗಿ ಬೊಗಳ್ತೀಯಾ?” ಎಂದು ನನ್ನನ್ನು ಕೇಳಿದ. ಆಗಲೂ ನಕ್ಕೆವು. ನಗುವುದರಲ್ಲಿ ನಮ್ಮ ಸಂಘಕ್ಕೆ ಎಂದೂ ಕೋರಂ ಕೊರತೆಯಾಗಿಲ್ಲ.

ಹಿಂದೆ ಸದಸ್ಯನ ಮತ ಕೇಳುತ್ತಿದ್ದೆವು. ಈಗಲೂ ಕೇಳುತ್ತಾರೆ, ಯಾವ ಮತದವನು ಎಂದು. ಲೆವಿನ್ ಯೆಹೂದಿ. ಸೋಮವಾರ ಅವನ ತೋಟದ ಗೇಟಿಗೆ ಬೀಗ ಬಿದ್ದಿತ್ತು. ಅವನು ನೀರಿನ ಕ್ಯಾನ್ ಹಿಡಿದು ಹೊರಗೆ ನಿಂತಿದ್ದ.

“ಬೀಗಕ್ಕೆ ನೀರು ಹಾಕ್ಲೇನೋ, ಬೆಳೀಬಹುದು,” ಎಂದ. ನನಗೆ ನಗು ಬರಲಿಲ್ಲ.

ಯಾವ ನಿರ್ಣಯದ ಮೇಲೆ ಬೀಗ ಎಂದು ಹೆರ್ ರಾಬೆಯವರನ್ನು ಕೇಳಿದೆ. ಎಂಥ ವಿನಯ ಅವರದು! “ನೀವೇ ಎಲ್ಲಾ ಸೇರಿ ಕೊಟ್ರಲ್ಲ ಸಾರ್, ಮಾರ್ಚಿಯಲ್ಲಿ. ಮರ್ತೇಬಿಟ್ರಾ?” ಎಂದರು. ದೂರು ಕೊಡೋಣವೆಂದರೆ ಸಭೆಯಿಲ್ಲ. ಆಕ್ಷೇಪಿಸೋಣವೆಂದರೆ ಕಲಮಿಲ್ಲ. ಗುಂಡು ಹಾರಲಿಲ್ಲ, ಯಾರೂ ಬಾಗಿಲು ಒಡೆಯಲಿಲ್ಲ. ಸಂಘ ಇಷ್ಟು ಮೆತ್ತಗೆ ಹೋಗಿಬಿಡುತ್ತದೆಯೇ? ಈ ವಾರವೆಲ್ಲ ನನಗೆ ನಾನೇ ಇದನ್ನು ಕೇಳಿಕೊಳ್ಳುತ್ತಿದ್ದೇನೆ.

ಇದು ಸಭೆಯಲ್ಲ, ಸನ್ಮಾನ, ಬಲ್ಲೆ. ಆದರೆ ಸದಸ್ಯರಿದ್ದೀರಿ, ಕುರ್ಚಿಗಳಿವೆ, ಸಭೆಗೆ ಇನ್ನೇನು ಬೇಕು? ಆದ್ದರಿಂದ ಸೂಚಿಸುತ್ತೇನೆ: ಲೆವಿನ್‌ನ ತೋಟದ ಬೀಗವನ್ನು ಇಂದೇ ತೆಗೆಯತಕ್ಕದ್ದು. ಅನುಮೋದಕರು ಒಬ್ಬರು ಸಾಕು.

ಯಾರಾದರೂ?

ಫ್ರೌ ಹೆಂಪೆಲ್, ತಮ್ಮ ಕೈ... ಓ, ಟೋಪಿ ಸರಿಮಾಡಿಕೊಂಡಿರಾ. ಇರಲಿ. ಹೆರ್ ಶೋಲ್ಟ್ಸ್, ಅವನು ಕೊಟ್ಟ ಬೀಜದ್ದಲ್ಲವೇ ತಮ್ಮ ತೋಟದ ಅಷ್ಟೂ ಆಲೂಗಡ್ಡೆ? ತಾವು? ನೆಲದ ಮೇಲೆ ಏನು ಬಿದ್ದಿದೆ, ಎಲ್ಲರೂ ಅಲ್ಲೇ ನೋಡುತ್ತಿದ್ದೀರಿ?

ಕೊನೆಯ ಸಾಲಿನಲ್ಲಿ ಒಂದು ಕೈ ಕಾಣುತ್ತಿದೆ. ಟ್ರೂಡೆ! ಅವಳು ನನ್ನ ಹೆಂಡತಿ, ಮಹನೀಯರೇ. ಕೈ ಇಳಿಸು, ಟ್ರೂಡೆ. ನೀನು ಸದಸ್ಯೆಯಲ್ಲ. ನಿಯಮದಂತೆ ನಿನ್ನ ಕೈ ಲೆಕ್ಕಕ್ಕಿಲ್ಲ.

ಇಳಿಸು ಎಂದೆನಲ್ಲ.

ಇಳಿಸುತ್ತಿಲ್ಲ.

ಸನ್ಮಾನಿಸಿದ ನಿಮಗೆಲ್ಲ ವಂದನೆಗಳು. ನಮಸ್ಕಾರ.